ಕಾಣಲಿಲ್ಲ ಮತ್ತು ಇಲ್ಲ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಅದನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು. ಟಣ್ ಎಂದರೆ ಗಟ್ಟಿ. ದನಿ ಬೊದ್ದಾಗಿದ್ದರೆ ಎಲ್ಲೋ ಸೀಳಿದೆ. ಒಡೆದು ನೋಡಿದರೆ ಸತ್ಯ ತಿಳಿದೀತು, ಆದರೆ ಮಡಕೆ ಉಳಿಯದು.

ವಿಮಾನದ ತಪಾಸಣೆಯ ಕಷ್ಟವೂ ಇದೇ. ಪದರಗಳನ್ನು ಅಂಟಿಸಿ ಮಾಡಿದ ಭಾಗಗಳನ್ನು ತಂತ್ರಜ್ಞರು ಇಂದಿಗೂ ನಾಣ್ಯದಂಥ ಲೋಹದ ತುಂಡಿನಿಂದ ತಟ್ಟಿ ಆಲಿಸುವುದುಂಟು. ಅಲ್ಯೂಮಿನಿಯಂ ಹೊದಿಕೆಗೆ ಎಡ್ಡಿ ಕರೆಂಟ್ ಉಪಕರಣವಿದೆ. ವಿದ್ಯುತ್ ಹರಿಯುವ ಪುಟ್ಟ ಸುರುಳಿಯನ್ನು ರಿವೆಟ್ ಬಳಿ ಹಿಡಿದರೆ ಲೋಹದೊಳಗೂ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಬಿರುಕು ಅಡ್ಡ ಬಂದರೆ ಸುಳಿ ಕದಡಿ ಮುಳ್ಳು ಅಲುಗುತ್ತದೆ. ಅಲುಗದಿದ್ದರೆ? ಆಗ ಉಪಕರಣ ಹೇಳುವುದು ‘ಕಾಣಲಿಲ್ಲ’ ಎಂದಷ್ಟೇ. ಕೆಳಗೆ ತಪಾಸಕನ ಸಹಿ ಬಿದ್ದ ಮೇಲೆ ನಾವು ಅದನ್ನು ‘ಇಲ್ಲ’ ಎಂದು ಓದಿಕೊಳ್ಳುತ್ತೇವೆ.

1988ರ ಏಪ್ರಿಲ್ 28ರಂದು ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737, 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿಯನ್ನೇ ಕಳೆದುಕೊಂಡಿತು. ಒಬ್ಬ ಗಗನಸಖಿ ಆಕಾಶದ ಪಾಲಾದಳು. ಉಳಿದ 94 ಮಂದಿಯನ್ನು ಹೊತ್ತು ವಿಮಾನ ಹೇಗೋ ಮಾವಿ ದ್ವೀಪದಲ್ಲಿ ಇಳಿಯಿತು. 19 ವರ್ಷ ಹಳೆಯ ಆ ವಿಮಾನ 89,680 ಹಾರಾಟ ಕಂಡಿತ್ತು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಉಬ್ಬುತ್ತಿತ್ತು, ಇಳಿದಾಗ ಕುಗ್ಗುತ್ತಿತ್ತು. ಹೊದಿಕೆಯ ಜೋಡಣೆಯಲ್ಲಿ ಅಂಟು ಬಿಟ್ಟು ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ರಂಧ್ರಗಳ ಅಂಚಿನಲ್ಲಿ ಹುಟ್ಟಿದ ಕೂದಲೆಳೆಯಂಥ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ಕಂಪನಿಯ ನಿರ್ವಹಣೆ ಇದನ್ನು ಪತ್ತೆ ಹಚ್ಚದೆ ಹೋದದ್ದನ್ನೇ ತನಿಖಾ ವರದಿ ಕಾರಣವೆಂದಿತು.

ಈ ಕೆಲಸ ಎಂಥದು ಎಂಬುದನ್ನೂ ನೆನೆಯಬೇಕು. ನಡುರಾತ್ರಿ, ಅಟ್ಟಣೆಯ ಮೇಲೆ, ಒಂದೇ ಥರದ ಸಾವಿರಾರು ರಿವೆಟ್. ಒಂಬೈನೂರು ನೋಡಿ ಏನೂ ಸಿಗದವನ ಕಣ್ಣು ಒಂಬೈನೂರ ಒಂದನೆಯದರ ಮೇಲೆ ಇರುತ್ತದೆ, ಆದರೆ ನೋಡುತ್ತಿರುವುದಿಲ್ಲ. ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಬಾರದು.

ಆ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಅಂದು ವಿಮಾನ ಹತ್ತುವಾಗ ಪ್ರಯಾಣಿಕಳೊಬ್ಬಳ ಕಣ್ಣಿಗೆ ಹೊರಮೈಯ ಬಿರುಕು ಬಿದ್ದಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಅವಳನ್ನು ದೂರುವುದು ಸುಲಭ. ಆದರೆ ಆ ಸಾಲಿನಲ್ಲಿ ನಾನಿದ್ದಿದ್ದರೆ? ‘ಇಷ್ಟು ದೊಡ್ಡ ಕಂಪನಿ, ಬಲ್ಲವರು ನೋಡಿರದೆ ಇರುತ್ತಾರೆಯೇ’ ಎಂದುಕೊಂಡು ಒಳಗೆ ಹೋಗುತ್ತಿದ್ದೆ. ಬೇಸತ್ತ ತಪಾಸಕನೂ ಹೀಗೆಯೇ ಅಂದುಕೊಳ್ಳಬಹುದು: ಹೋದ ಸಲ ನೋಡಿದ್ದಾರೆ, ಮುಂದಿನ ಸಲ ನೋಡುತ್ತಾರೆ. ಇನ್ನೊಬ್ಬರು ನೋಡಿದ್ದಾರೆಂಬ ನಂಬಿಕೆಯೇ ನಾವು ನೋಡದಿರಲು ಸಬೂಬಾಗುತ್ತದೆ. ಎಲ್ಲರೂ ಹೀಗೆ ಒಬ್ಬರನ್ನೊಬ್ಬರು ನಂಬಿದರೆ ಕೊನೆಗೆ ನೋಡಿದವರೇ ಇರುವುದಿಲ್ಲ. ವಿಮಾನ ನಂಬಿಕೆಗೆ ಯೋಗ್ಯವಾಗುವುದು ಹಿಂದಿನ ಸಹಿಯನ್ನು ನಂಬದೆ ಮತ್ತೆ ನೋಡುವವನಿಂದ.

ಲೋಹದಲ್ಲಿ ಬಿರುಕೇ ಇಲ್ಲ ಎಂದು ಯಾರೂ ಪ್ರಮಾಣ ಮಾಡಲಾರರು. ‘ನಾನು ನೋಡಿದೆ’ ಎಂದು ಮಾಡಬಹುದು. ತಪಾಸಕನ ಸಹಿಗೆ ಇರುವ ಅರ್ಥ ಅಷ್ಟೇ, ಆದರೆ ಅದು ನಿಜವಾಗಿರಬೇಕು.

ಮುಂಬಯಿಯಿಂದ ಊರಿಗೆ ಹೊರಟಾಗ ಈಗೀಗ ಬಾಗಿಲ ಪಕ್ಕದ ರಿವೆಟ್ ಸಾಲಿನತ್ತ ನನ್ನ ಕಣ್ಣು ಹೋಗುತ್ತದೆ. ಏನಾದರೂ ಕಂಡರೆ ಹೇಳುತ್ತೇನೆ ಅಂದುಕೊಂಡಿದ್ದೇನೆ. ಹಿಂದೆ ಜನ ತಳ್ಳುತ್ತಿರುವಾಗ, ನಗೆಗೀಡಾಗುವ ಭಯ ಎದುರಿಗಿರುವಾಗ, ಆ ಮಾತು ಬಾಯಿಗೆ ಬಂದೀತೇ ಎಂಬುದಷ್ಟೇ ಪ್ರಶ್ನೆ.