ಹರಾಜಿನ ಬೆಲೆ ಯಾವುದಕ್ಕೆ ಸಾಕ್ಷಿ?

1971ರಲ್ಲಿ ಅಮೆರಿಕದ ಪ್ಲೈಮೌತ್ ಕಂಪನಿ ತನ್ನ ಬಾರಾಕುಡಾ ಕಾರಿನ ಹೆಮಿ ಕುಡಾ ಆವೃತ್ತಿಯನ್ನು ಮಡಚುವ ಛಾವಣಿಯೊಂದಿಗೂ ಮಾರಾಟಕ್ಕಿಟ್ಟಿತ್ತು. 426 ಘನ ಅಂಗುಲದ ಹೆಮಿ ಎಂಜಿನ್ ಬೇಕೆಂದವರು ಮೇಲೆ ಸುಮಾರು 884 ಡಾಲರ್ ತೆರಬೇಕಿತ್ತು. ಆ ವರ್ಷ ಈ ಎಂಜಿನ್, ಮಡಚುವ ಛಾವಣಿ ಎರಡೂ ಇದ್ದ ಕಾರುಗಳು ತಯಾರಾದದ್ದು ಹನ್ನೊಂದೇ. ಅವುಗಳಲ್ಲೊಂದು 2014ರ ಜೂನ್‌ನಲ್ಲಿ, ಸಿಯಾಟಲ್‌ನಲ್ಲಿ ನಡೆದ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ಇಂಥ ಸುದ್ದಿ ಬಂದಾಗಲೆಲ್ಲ ಕೆಲವರು ಇದು ಹಣದ ಹುಚ್ಚು ಎನ್ನುತ್ತಾರೆ. ಇನ್ನು ಕೆಲವರು, ಕೊಡುವವರಿದ್ದಾರೆ ಎಂದಮೇಲೆ ಕಾರಿಗೆ ಅಷ್ಟು ಬೆಲೆ ಇದೆ ಎಂದೇ ಅರ್ಥ ಎನ್ನುತ್ತಾರೆ. ಇಬ್ಬರೂ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ: ಆ ಅಂಕಿ ಕಾರಿನ ಬಗ್ಗೆ ಏನೋ ಹೇಳುತ್ತಿದೆ ಎಂಬುದನ್ನು. ಸಂದೇಹ ಹುಟ್ಟಬೇಕಾದದ್ದು ಅಲ್ಲಿ.

ಹೆಮಿ ಕುಡಾದಂಥ ಮಸಲ್ ಕಾರುಗಳು ಹುಟ್ಟಿದ್ದೇ ಅಗ್ಗದ ವೇಗಕ್ಕಾಗಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದು ಎಂಬ ನಿಯಮ ಜನರಲ್ ಮೋಟರ್ಸ್‌ನೊಳಗಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡೆಲೋರಿಯನ್ ಮತ್ತು ಸಂಗಡಿಗರು 389 ಘನ ಅಂಗುಲದ ಎಂಜಿನ್ನನ್ನು ಹೊಸ ಮಾದರಿ ಎನ್ನದೆ, ಸುಮಾರು 295 ಡಾಲರಿನ ಐಚ್ಛಿಕ ಪ್ಯಾಕೇಜ್ ಎಂದು ತೋರಿಸಿ ಆ ನಿಯಮವನ್ನು ದಾಟಿದರು. ಅದೇ 1964ರ ಜಿಟಿಒ. ಮೊದಲ ವರ್ಷವೇ 32,450 ಕಾರು ಮಾರಾಟವಾದವು. ಕೊಂಡವರಲ್ಲಿ ಬಹಳಷ್ಟು ಮಂದಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗರು. ಮುಂದೆ ವಿಮಾ ಕಂಪನಿಗಳು ಇಂಥ ಕಾರುಗಳ ಪ್ರೀಮಿಯಂ ಏರಿಸಿದವು, 1970ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, 1973ರಲ್ಲಿ ತೈಲದ ಬಿಕ್ಕಟ್ಟು. ಆಟ ಮುಗಿಯಿತು.

ಇಂದು ಅತಿ ಹೆಚ್ಚು ಬೆಲೆಗೆ ಕೂಗುವ ಮಸಲ್ ಕಾರುಗಳಲ್ಲಿ ಹಲವು ಅಂದು ಯಾರಿಗೂ ಬೇಡವಾಗಿದ್ದವು. ಜನರಲ್ ಮೋಟರ್ಸ್‌ನದೇ ಆದ 1969ರ ಕಮಾರೊ ಜೆಡ್ಎಲ್1 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 427 ಘನ ಅಂಗುಲದ ಎಂಜಿನ್ ಪೂರ್ತಿ ಅಲ್ಯುಮಿನಿಯಂನದು. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಸಣ್ಣ ಊರಿನ ಡೀಲರ್ ಫ್ರೆಡ್ ಗಿಬ್ ಐವತ್ತು ಕಾರು ತರಿಸಿದ್ದರು. ಒಂದೊಂದರ ಬಿಲ್ಲು ಏಳು ಸಾವಿರ ಡಾಲರ್ ದಾಟಿತ್ತು, ಅಂದರೆ ಮಾಮೂಲಿ ಕಮಾರೊದ ಎರಡು ಪಟ್ಟಿಗೂ ಮೇಲೆ. ಗಿರಾಕಿಗಳು ಬರಲಿಲ್ಲ, ಹೆಚ್ಚಿನವನ್ನು ಕಂಪನಿಗೇ ಹಿಂದಿರುಗಿಸಬೇಕಾಯಿತು. ಒಟ್ಟು ತಯಾರಾದದ್ದು 69. ಈಗ ಹರಾಜಿನ ಕೈಪಿಡಿಗಳು ಇದನ್ನೇ ‘ಅಪರೂಪ’ ಎಂದು ದೊಡ್ಡಕ್ಷರದಲ್ಲಿ ಮುದ್ರಿಸುತ್ತವೆ. ಬೆಲೆಯೇ ಯೋಗ್ಯತೆಯ ಪ್ರಮಾಣವೆನ್ನುವವರು ಇದಕ್ಕೆ ಉತ್ತರ ಹೇಳಬೇಕು. 1969ರ ಮಾರುಕಟ್ಟೆ ಅದೇ ಕಾರನ್ನು, ಅದೇ ಎಂಜಿನ್ನನ್ನು, ಹೊಚ್ಚಹೊಸದಾಗಿದ್ದಾಗ ಬೇಡವೆಂದಿತು. ಅಂದಿನ ತೀರ್ಪು ತಪ್ಪಾಗಿದ್ದರೆ ಇಂದಿನದು ಸರಿ ಎನ್ನಲು ಆಧಾರ ಯಾವುದು? ಅಂದು ಬೇಡಿಕೆ ಇಲ್ಲದ್ದರಿಂದಲೇ ಸಂಖ್ಯೆ ಕಡಿಮೆಯಾಯಿತು, ಸಂಖ್ಯೆ ಕಡಿಮೆ ಇರುವುದರಿಂದಲೇ ಇಂದು ಬೇಡಿಕೆ ಬಂದಿದೆ. ಈ ಸುತ್ತಿನಲ್ಲಿ ಕಾರಿನ ಗುಣಕ್ಕೆ ಜಾಗ ತೀರಾ ಕಡಿಮೆ.

ಹರಾಜಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ನೋಡಬೇಕು. ಸಭಾಂಗಣದಲ್ಲಿ ಸಾವಿರಾರು ಜನ ಸೇರಿರುತ್ತಾರೆ, ಟಿವಿಯಲ್ಲಿ ಇನ್ನೆಷ್ಟೋ ಜನ ನೋಡುತ್ತಿರುತ್ತಾರೆ. ಆದರೆ ಕೊನೆಯ ಅಂಕಿಯನ್ನು ನಿರ್ಧರಿಸುವವರು ಇಬ್ಬರೇ. ಎರಡನೆಯವರು ಎಲ್ಲಿ ತಲೆಯಾಡಿಸಿ ಸುಮ್ಮನಾಗುತ್ತಾರೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಸುತ್ತಿಗೆ ಬೀಳುತ್ತದೆ. ಗೆದ್ದವರು ಇನ್ನೆಷ್ಟು ಕೊಡಲು ಸಿದ್ಧರಿದ್ದರೆಂಬುದು ಯಾರಿಗೂ ತಿಳಿಯುವುದಿಲ್ಲ. ಆ ಎರಡನೆಯವರಿಗೆ ಅಂದು ಜ್ವರ ಬಂದು ಮನೆಯಲ್ಲೇ ಉಳಿದಿದ್ದರೆ ಮೂರನೆಯವರ ಮಿತಿಯೇ ‘ಮಾರುಕಟ್ಟೆ ಬೆಲೆ’ ಆಗುತ್ತಿತ್ತು. ಇಬ್ಬರ ಹಂಬಲದ ಆ ಒಂದು ಗಳಿಗೆಯ ಅಳತೆಯನ್ನು ಗ್ಯಾರೇಜುಗಳಲ್ಲಿ ನಿಂತಿರುವ ಎಲ್ಲ ಸೋದರ ಕಾರುಗಳಿಗೂ ಅನ್ವಯಿಸುವುದು ತರ್ಕಕ್ಕೆ ಒಗ್ಗದ ನೆಗೆತ.

ಹೆಮಿ ಕುಡಾ ಹೊರಬಂದ ಅದೇ 1971ರಲ್ಲಿ ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಕೇಪನ್, ಕ್ಲ್ಯಾಪ್, ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರರು ಒಂದು ಲೇಖನ ಪ್ರಕಟಿಸಿದರು. ಮೆಕ್ಸಿಕೊ ಕೊಲ್ಲಿಯ ತೈಲ ನಿಕ್ಷೇಪಗಳ ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲ ಎಂಬುದು ಅವರ ಪ್ರಶ್ನೆ. ನೆಲದಡಿಯ ತೈಲದ ಪ್ರಮಾಣವನ್ನು ಎಲ್ಲರೂ ಅಂದಾಜು ಮಾಡುತ್ತಾರೆ. ಗೆಲ್ಲುವವರು ಅತಿ ಹೆಚ್ಚು ಅಂದಾಜು ಮಾಡಿದವರು, ಎಂದರೆ ಬಹುತೇಕ ತಪ್ಪಾಗಿ ಹೆಚ್ಚು ಅಂದಾಜು ಮಾಡಿದವರು. ಅರ್ಥಶಾಸ್ತ್ರ ಇದನ್ನು ವಿಜೇತನ ಶಾಪ ಎನ್ನುತ್ತದೆ. ಕಾರಿನ ಹರಾಜಿಗೆ ಈ ಶಾಪ ತಟ್ಟುತ್ತದೆಯೇ? ಅದು ಕೊಳ್ಳುವವರ ಉದ್ದೇಶದ ಮೇಲಿದೆ. ಹದಿನೆಂಟರ ವಯಸ್ಸಿನಲ್ಲಿ ಕೈಗೆಟುಕದ ಕಾರನ್ನು ಅರವತ್ತರಲ್ಲಿ ಕೊಂಡು ಓಡಿಸುವವರಿಗೆ ತಟ್ಟುವುದಿಲ್ಲ. ಅವರ ಸಂತೋಷಕ್ಕೆ ಬೇರೆಯವರ ಅಂದಾಜು ಬೇಕಿಲ್ಲ. ಹೂಡಿಕೆ ಎಂದು ಕೊಂಡವರಿಗೆ ಖಂಡಿತ ತಟ್ಟುತ್ತದೆ. ಕೈಯೆತ್ತುವ ಸನ್ನೆ ಇಬ್ಬರದೂ ಒಂದೇ ಆದ್ದರಿಂದ ಬೆಲೆಯಲ್ಲಿ ಪ್ರೀತಿಯ ಪಾಲೆಷ್ಟು, ಲೆಕ್ಕಾಚಾರದ ಪಾಲೆಷ್ಟು ಎಂದು ಬಿಡಿಸಿ ನೋಡಲು ಸಾಧ್ಯವಿಲ್ಲ.

ಒಂದೇ ಕಾರು ಮತ್ತೆ ಮತ್ತೆ ಹರಾಜಿಗೆ ಬಂದಾಗ ಮಾತ್ರ ಕೊಂಚ ಬೆಳಕು ಬೀಳುತ್ತದೆ. ಕಾರು ತಯಾರಕ ಕ್ಯಾರೊಲ್ ಶೆಲ್ಬಿ ತಮಗಾಗಿ ಇಟ್ಟುಕೊಂಡಿದ್ದ ಕೋಬ್ರಾ ಸೂಪರ್ ಸ್ನೇಕ್ 2007ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನ ಬ್ಯಾರೆಟ್-ಜ್ಯಾಕ್ಸನ್ ಹರಾಜಿನಲ್ಲಿ, ಕಮಿಷನ್ ಸೇರಿ 55 ಲಕ್ಷ ಡಾಲರ್ ತಂದಿತು. ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಮಸಲ್ ಕಾರಲ್ಲ, ಆದರೆ ಕೊಳ್ಳುವ ಜನ, ಹರಾಜಿನ ಮನೆ ಎರಡೂ ಅವೇ. 2015ರಲ್ಲಿ ಅಲ್ಲೇ ಮತ್ತೆ ಮಾರಾಟವಾದಾಗ ಸಿಕ್ಕಿದ್ದು 51.15 ಲಕ್ಷ. ಅಮೆರಿಕದ ಹಣದುಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎಂಟು ವರ್ಷಗಳಲ್ಲಿ ಅದರ ಬೆಲೆ ಸುಮಾರು ಐದನೇ ಒಂದು ಭಾಗ ಕರಗಿತ್ತು. ವಿಮೆ, ನಿಲ್ಲಿಸುವ ಜಾಗ, ಮೆಕ್ಯಾನಿಕ್ಕಿನ ಖರ್ಚು ಬೇರೆ. ಎರಡು ಸಲವೂ ಪತ್ರಿಕೆಗಳಲ್ಲಿ ಬಂದದ್ದು ದೊಡ್ಡ ಅಂಕಿಯ ಸಂಭ್ರಮವೇ.

ಆದರೆ ಸಂದೇಹ ಭವಿಷ್ಯ ನುಡಿಯಲು ಹೊರಡಬಾರದು. ಫೆರಾರಿ 250 ಜಿಟಿಒ ಬೆಲೆ 1989ರ ಹೊತ್ತಿಗೆ ಒಂದು ಕೋಟಿ ಡಾಲರ್ ದಾಟಿ, 1990ರ ದಶಕದಲ್ಲಿ ಕುಸಿದು ಬಿದ್ದಾಗ ಸಂದೇಹಿಗಳು ಗೆದ್ದಂತೆ ಕಂಡಿತು. 2018ರಲ್ಲಿ ಅಂಥದೇ ಒಂದು ಕಾರು 4.84 ಕೋಟಿ ಡಾಲರ್‌ಗೆ ಮಾರಾಟವಾಯಿತು. ಬೆಲೆ ಇಳಿಯುತ್ತದೆ ಎಂಬುದು ಇಲ್ಲಿನ ವಾದವಲ್ಲ. ಏರಿದರೂ ಇಳಿದರೂ ಅದು ಕಾರಿನ ಬಗ್ಗೆ ಕೊಡುವ ಸಾಕ್ಷಿ ದುರ್ಬಲ ಎಂಬುದಷ್ಟೇ ವಾದ.

ಹಾಗಾದರೆ ಹಣ ಹೋಗುವುದು ಯಾವುದಕ್ಕೆ? ಹೆಚ್ಚಿನ ಪಾಲು ಗುರುತಿನ ಪುರಾವೆಗೆ. ಸಾಧಾರಣ ಬಾರಾಕುಡಾದ ದೇಹಕ್ಕೆ ಹೆಮಿ ಎಂಜಿನ್ ಕೂರಿಸಿದರೆ ಅದೇ ಸದ್ದು, ಅದೇ ಓಟ. ಬೆಲೆ ಮಾತ್ರ ಅಸಲಿಯ ಒಂದು ಚೂರು. ಅಸಲಿ ಎನ್ನಲು ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದಬೇಕು. ಕಾರ್ಖಾನೆಯ ಕೆಲಸಗಾರರಿಗೆ ಯಾವ ಭಾಗ ಹಾಕಬೇಕೆಂದು ತಿಳಿಸುತ್ತಿದ್ದ ಕಾಗದ ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೋ ಐವತ್ತು ವರ್ಷ ಸಿಕ್ಕಿಕೊಂಡಿದ್ದು ಈಗ ಹೊರಬಂದರೆ, ಆ ಹರಿದ ಎಣ್ಣೆಗಲೆಯ ಹಾಳೆ ಬಂಗಾರವಾಗುತ್ತದೆ. ಇದಕ್ಕಾಗಿಯೇ ಸಂಖ್ಯೆ ಉಜ್ಜಿ ಮತ್ತೆ ಒತ್ತುವವರೂ ಇದ್ದಾರೆ. ಇತ್ತ ಪ್ರಾಮಾಣಿಕ ಪುನರುಜ್ಜೀವಕರು ಅಂದಿನ ತಪಾಸಣೆಗಾರ ಸೀಮೆಸುಣ್ಣದಲ್ಲಿ ಎಳೆದ ಗೆರೆ, ಅವಸರದಲ್ಲಿ ಇಳಿದ ಬಣ್ಣದ ಹನಿಯನ್ನೂ ಬಲು ಎಚ್ಚರದಿಂದ ಮತ್ತೆ ಮೂಡಿಸುತ್ತಾರೆ.

ಭಾಗಗಳು ಬದಲಾದರೂ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಭಾರತದ ದಾರ್ಶನಿಕರಿಗೆ ಹಳೆಯದು. ರಥವೆಂದರೆ ಅಚ್ಚೇ, ಗಾಲಿಯೇ, ನೊಗವೇ ಎಂದು ಬೌದ್ಧ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳಿದ. ಯಾವುದೂ ಅಲ್ಲ, ರಥ ಭಾಗಗಳನ್ನು ನೆಚ್ಚಿದ ಒಂದು ಹೆಸರಷ್ಟೇ ಎಂಬಲ್ಲಿಗೆ ಮಾತು ಮುಟ್ಟಿತು. ನ್ಯಾಯ ದರ್ಶನದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಿ, ಅಂದರೆ ಭಾಗಗಳಿಂದಾದ ಇಡಿ, ನಿಜವಾದ ವಸ್ತು, ಒಂದು ಅವಯವ ಹೋದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎಂದರು. ಸಂಗ್ರಾಹಕರು ಎರಡೂ ಕಡೆ ನಿಲ್ಲುವುದಿಲ್ಲ. ಟೈರು, ಬ್ಯಾಟರಿ, ಹೋಸ್ ಬದಲಾದರೆ ಕಾರು ಅದೇ. ಎಂಜಿನ್ ಬದಲಾದರೆ ಬೇರೆ. ಈ ಗೆರೆಯನ್ನು ಎಳೆದದ್ದು ಲೋಹವಲ್ಲ, ಕೊಳ್ಳುವವರ ನಡುವಿನ ಒಪ್ಪಂದ. ಆ ಒಪ್ಪಂದ ನಾಳೆ ಸಡಿಲಗೊಂಡರೆ ಕಾರಿನ ಒಂದು ಬೋಲ್ಟೂ ಅಲುಗದೆ ಲಕ್ಷಾಂತರ ಡಾಲರ್ ಮಾಯವಾಗಬಹುದು.

ಬೆಲೆಗೆ ಕಾರಣವಾದದ್ದನ್ನು ಬೆಲೆಯೇ ನಿಲ್ಲಿಸಿಬಿಡುವುದು ಇನ್ನೂ ನೋವಿನ ಸಂಗತಿ. ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ 1968ರ ಮಸ್ಟ್ಯಾಂಗ್ ಅನ್ನು ನ್ಯೂಜೆರ್ಸಿಯ ಒಂದು ಕುಟುಂಬ 1974ರಲ್ಲಿ 6,000 ಡಾಲರ್ ಕೊಟ್ಟು ಕೊಂಡಿತು. ಮನೆಯೊಡತಿ ಶಿಕ್ಷಕಿ, ಅದೇ ಕಾರಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದರು. 1977ರಲ್ಲಿ ಮಕ್ವೀನ್ ಪತ್ರ ಬರೆದು ಕೇಳಿದರೂ ಕುಟುಂಬ ಕಾರು ಬಿಟ್ಟುಕೊಡಲಿಲ್ಲ. 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ಅದು ಕಮಿಷನ್ ಸೇರಿ 37.4 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಮಾಸಿದ ಬಣ್ಣ, ಸವೆದ ಸೀಟು, ತುಕ್ಕು ಎಲ್ಲವೂ ಬೆಲೆಯ ಭಾಗವೇ ಆಗಿದ್ದವು, ಏಕೆಂದರೆ ಅವು ಓಡಿದ ಕಾರಿನ ಗುರುತುಗಳು. ಅಷ್ಟು ಹಣ ಕೊಟ್ಟವರು ಅದರಲ್ಲಿ ಮಳೆಯ ದಿನ ಶಾಲೆಗೆ ಹೋಗಲಾರರು. ಈ ನಷ್ಟ ಲಕ್ಷಾಧಿಪತಿಗಳಿಗೆ ಮಾತ್ರವಲ್ಲ. ಮೇಲಿನ ಅಂಕಿಗಳನ್ನು ನೋಡಿ ಕೆಳಗಿನ ಕಾರುಗಳ ಮಾಲೀಕರೂ ಬೆಲೆ ಏರಿಸುತ್ತಾರೆ. ಹಳೆಯ ಪಾಂಟಿಯಾಕ್ ಜಿಟಿಒ ಒಂದನ್ನು ಕೈಯಾರೆ ಸರಿಪಡಿಸಿ ಓಡಿಸಬೇಕೆಂಬ ಯುವ ಮೆಕ್ಯಾನಿಕ್‌ಗೆ ಅದು ದಕ್ಕದೆ ಹೋಗುತ್ತದೆ. ಯಾವ ಹುಡುಗರಿಗಾಗಿ ಆ ಕಾರನ್ನು ಮಾಡಿದ್ದರೋ ಅಂಥವರ ಕೈಯಿಂದಲೇ ಅದು ಜಾರುತ್ತಿದೆ.

ಮಾರಾಟವಾಗದ ಕಾರುಗಳು ಸುದ್ದಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ವಾದಕ್ಕೆ ಅವೇ ಹೆಚ್ಚು ಮುಖ್ಯ. 2021ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇನ್ನೊಂದು 1971ರ ತೆರೆದ ಹೆಮಿ ಕುಡಾಗೆ ಕೂಗು 48 ಲಕ್ಷ ಡಾಲರ್ ತನಕ ಹೋಗಿ ನಿಂತಿತು. ಮಾಲೀಕರು ಮನಸ್ಸಿನಲ್ಲಿಟ್ಟಿದ್ದ ಕನಿಷ್ಠ ಬೆಲೆ ಅದಕ್ಕೂ ಮೇಲಿತ್ತು, ಕಾರು ಮಾರಾಟವಾಗಲಿಲ್ಲ. ಕೊಳ್ಳಬಂದವರ ಪಾಲಿಗೆ ಅದರ ಬೆಲೆ 48 ಲಕ್ಷಕ್ಕೆ ಮುಗಿಯಿತು, ಮಾಲೀಕರ ಪಾಲಿಗೆ ಅಲ್ಲಿ ಶುರುವೂ ಆಗಿರಲಿಲ್ಲ. ಅಂದು ಆ ಕಾರಿಗೆ ಬೆಲೆಯೇ ಇರಲಿಲ್ಲ. ಇದ್ದದ್ದು ಒಂದು ಕಾರು, ಮತ್ತು ಅದರ ಬಗ್ಗೆ ಒಮ್ಮತಕ್ಕೆ ಬಾರದ ಇಬ್ಬರು.