ಕಾರು ತೊಳೆದ ನೀರು

ಬೆಂಗಳೂರಿನ ಉಳ್ಳವರ ಬಡಾವಣೆಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಕಾರುಗಳಿಗೆ ಸ್ನಾನ. ಎಷ್ಟೋ ಕಡೆ ಪೈಪು ಹಿಡಿದವನು ಕಾರಿನ ಯಜಮಾನನಲ್ಲ. ಅವನ ಕೇರಿಯಲ್ಲಿ ಅದೇ ಹೊತ್ತಿಗೆ ಅವನ ಹೆಂಡತಿ ಬಿಂದಿಗೆ ಇಟ್ಟುಕೊಂಡು ಸಾಲಿನಲ್ಲಿ ನಿಂತಿರುತ್ತಾಳೆ. ಮನೇಲಿ ಚೊಂಬಿನ ಲೆಕ್ಕದಲ್ಲಿ ನೀರು ಬಳಸೋ ಕೈಯಿಂದಲೇ ಇಲ್ಲಿ ಪೈಪುಗಟ್ಟಲೆ ಚೆಲ್ಲಿಸ್ತಾರೆ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್ಲುಗಳು ಬತ್ತಿ ನಗರ ಬಾಯಿಬಿಟ್ಟಾಗ, ಕುಡಿಯುವ ನೀರಲ್ಲಿ ಕಾರು ತೊಳೆಯೋದನ್ನು ಜಲಮಂಡಳಿ ನಿಷೇಧಿಸಿತು. ತೊಳೆದರೆ 5000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆ ಮತ್ತೆ ಬಂತು. ಒಳ್ಳೆಯದೇ. ಆದರೆ ದುಡ್ಡಿದ್ದವನಿಗೆ ದಂಡವೂ ಒಂದು ಬಿಲ್ಲು ಅಷ್ಟೆ. ಪ್ರಶ್ನೆ ಇನ್ನೂ ಕೆಳಗಿದೆ: ದುಡ್ಡು ಕೊಟ್ಟ ಮಾತ್ರಕ್ಕೆ ನೀರು ಕೊಟ್ಟವನದಾಗುತ್ತದೆಯೇ?

"ಬಿಲ್ಲು ಕಟ್ಟೋನು ನಾನು, ಟ್ಯಾಂಕರಿಗೆ ಕೊಡೋನು ನಾನು, ನಿಮ್ಮದೇನ್ರೀ?" ಅಂತಾರೆ. ಕಾವೇರಿ ತಾನಾಗಿ ಬೆಂಗಳೂರಿಗೆ ಹರಿಯೋದಿಲ್ಲ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಹಾಕಿ ತರುತ್ತಾರೆ. 2024ರಲ್ಲಿ ಶುರುವಾದ ಐದನೇ ಹಂತಕ್ಕೆ ಜಪಾನಿನಿಂದ ತಂದ ಸಾಲ ಎಲ್ಲರ ತಲೆ ಮೇಲಿದೆ, ಕಾರಿಲ್ಲದವನ ತಲೆ ಮೇಲೂ. ಟ್ಯಾಂಕರಿನ ನೀರೋ, ಊರಾಚೆಯ ನೆಲದ ಹೊಟ್ಟೆಯದು. ಯಜಮಾನ ಕೊಟ್ಟದ್ದು ತಂದುಕೊಟ್ಟ ಕೂಲಿ. ನೀರಿನ ಬೆಲೆ ಅವನು ಕಟ್ಟೇ ಇಲ್ಲ.

ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಅಂತಿಟ್ಟುಕೊಂಡರೆ ಹತ್ತು ನಿಮಿಷಕ್ಕೆ 150 ಲೀಟರ್. ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿರೋದು 55 ಲೀಟರ್. ಹೆಚ್ಚುಕಮ್ಮಿ ಮೂರು ಜನರ ಪಾಲು ಒಂದು ಕಾರಿನ ಮೈಮೇಲೆ ಹೋಯಿತು. ಅದೇ ಕಾರಿಗೆ ಎರಡು ಬಕೆಟ್ ಸಾಕು: ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬರೀ ನೀರು, ಮೇಲಿಂದ ಕೆಳಕ್ಕೆ ಒರೆಸಿ, ಚಕ್ರ ಕಡೆಗೆ. ಹಿಡಿದಿಟ್ಟ ಮಳೆನೀರಾದರೂ ನಡೆಯುತ್ತೆ. ವಾರಗಟ್ಟಲೆ ತೊಳೆಯದಿದ್ದರೆ ಇಂಜಿನ್ನೇನೂ ನಿಲ್ಲೋದಿಲ್ಲ.

ಮತ್ತೆ ದಿನಾ ಯಾಕೆ ತೊಳೀತಾರೆ? ಕೊಳೆಗಲ್ಲ, ಮಡಿಗೆ. ಈ ದೇಶದಲ್ಲಿ ನೀರಿನ ಜಗಳ ಬಾಯಾರಿಕೆಗಿಂತ ಮಡಿಯದೇ ಹೆಚ್ಚು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಬೊಗಸೆ ನೀರು ಕುಡಿದರು. ಸಾವಿರಾರು ಜನ ಅವರ ಹಿಂದೆ ಕುಡಿದರು. ದನ ಬಾಯಿಟ್ಟಾಗ ಕೆಡದ ಕೆರೆ ಮನುಷ್ಯರು ಕುಡಿದಾಗ ಕೆಟ್ಟುಹೋಯಿತಂತೆ! ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಅವತ್ತು ದನ ನಿಂತಿದ್ದ ಜಾಗದಲ್ಲಿ ಇವತ್ತು ಕಾರು ನಿಂತಿದೆ. ಸಾಲಿನಲ್ಲಿ ಅದು ಮುಂದೆ, ನಮ್ಮ ಜನ ಹಿಂದೆ.

ಇನ್ನು 'ನೀರು ಉಳಿಸಿ' ಅನ್ನೋ ಉಪದೇಶ. ಅದನ್ನು ಕೇರಿಯ ಗೋಡೆ ಮೇಲೂ ಬರೀತಾರೆ. ಏನು ಉಳಿಸಬೇಕು ಸ್ವಾಮಿ ಆ ಹೆಂಗಸು? ಸೊಪ್ಪು ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ಜಾಲಿಸಿದ ನೀರಲ್ಲಿ ಹೊಸ್ತಿಲು ತೊಳೆಯೋಳು ಅವಳು. ಬಡಾವಣೆಯವನು ಪೈಪು ಬಿಟ್ಟು ಬಕೆಟ್ಟು ಹಿಡಿದನೆನ್ನಿ, ಉಳಿದ ನೂರು ಚಿಲ್ಲರೆ ಲೀಟರ್ ಎಲ್ಲಿಗೆ ಹೋಗುತ್ತೆ? ಅವನ ಸಂಪಿನಲ್ಲೇ ನಿಲ್ಲುತ್ತೆ. ಅಲ್ಲಿಂದ ಕೇರಿಯ ನಲ್ಲಿಗೆ ದಾರಿಯಿಲ್ಲ. ಆ ದಾರಿ ವಾಲ್ವ್ ತಿರುಗಿಸುವ ಕಡೆ ಇದೆ. ಯಾವ ಬೀದಿಗೆ ವಾರದಲ್ಲಿ ಎಷ್ಟು ಗಂಟೆ ನೀರು ಅನ್ನೋ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲೂ ಗೋಡೆಗೆ ಅಂಟಿಸಲಿ. ಕಾರು ಇದ್ದವರೂ ಇಲ್ಲದವರೂ ಒಟ್ಟಿಗೆ ನಿಂತು ಓದಲಿ.