ಹಿಮಾಲಯದ ಜಾಗದಲ್ಲಿ ಪೊಲೀಸಪ್ಪ

ಉರ್ದು ಕವಿ, ಹಿಂದಿ ಚಿತ್ರಗೀತೆಗಳ ಸಾಹಿತಿ ಸಾಹಿರ್ ಲುಧಿಯಾನ್ವಿಯ ಕಹಿ ಎಲ್ಲರಿಗೂ ಗೊತ್ತು. ಹರೆಯದಲ್ಲಿ ತಂದ ಮೊದಲ ಸಂಕಲನಕ್ಕೇ ‘ತಲ್ಖಿಯಾಂ’, ಅಂದರೆ ಕಹಿಗಳು, ಎಂದು ಹೆಸರಿಟ್ಟವನು. ನನ್ನನ್ನು ಹೆಚ್ಚು ಕಾಡುವುದು ಆ ಕಹಿಯೊಳಗೇ ಕೂತಿರುವ ಕಿಡಿಗೇಡಿ ನಗು.

1958ರ ‘ಫಿರ್ ಸುಬಹ್ ಹೋಗೀ’ ಚಿತ್ರಕ್ಕೆ ಖಯ್ಯಾಮ್ ಸಂಗೀತ. ಅದರಲ್ಲಿ ಸಾಹಿರ್ ಬರೆದು ಮುಕೇಶ್ ಹಾಡಿದ ಒಂದು ಅಣಕವಾಡು ಇದೆ. ಅಣಕಕ್ಕೆ ಸಿಕ್ಕಿದ್ದು ಸಾಮಾನ್ಯರಲ್ಲ, ಕವಿ ಇಕ್ಬಾಲ್. ಭಾರತವನ್ನು ಕೊಂಡಾಡಿ 1904ರಲ್ಲಿ ‘ಸಾರೇ ಜಹಾಂ ಸೇ ಅಚ್ಛಾ’ ಬರೆದ ಇಕ್ಬಾಲ್, ಕೆಲವೇ ವರ್ಷಗಳಲ್ಲಿ ಮುಸಲ್ಮಾನರಿಗೆ ಜಗತ್ತೆಲ್ಲ ತಾಯ್ನಾಡು ಎಂಬ ಇನ್ನೊಂದು ಗೀತೆ ಕಟ್ಟಿದರು. ಸಾಹಿರ್ ಎರಡನ್ನೂ ಬಿಡಲಿಲ್ಲ. ಆ ಹೆಮ್ಮೆಯ ಮಾತುಗಳನ್ನೆಲ್ಲ ಒಯ್ದು ಮುಂಬಯಿಯಲ್ಲಿ ಸೂರಿಲ್ಲದೆ ಅಲೆಯುವವನ ಬಾಯಿಗೆ ಹಾಕಿದ. ಇರಲು ಮನೆಯೇ ಇಲ್ಲದವನಿಗೆ ಜಗತ್ತೆಲ್ಲ ತನ್ನದಲ್ಲದೆ ಮತ್ತೇನು! ಇಕ್ಬಾಲರಲ್ಲಿ ದೇಶ ಕಾಯುವ ಕಾವಲುಗಾರ ಹಿಮಾಲಯ. ಸಾಹಿರನಲ್ಲಿ ಆ ಪದಕ್ಕೆ ಲಾಠಿ ಬಂದಿದೆ. ಜೇಬು ಖಾಲಿ ಇರುವುದಕ್ಕೇ ಈ ಕಾವಲುಗಾರ ಬೈಯುತ್ತಾನೆ. ಇಕ್ಬಾಲರ ಗೀತೆಯ ಕೊನೆಯಲ್ಲಿ ಬರುವ ಯಾರಿಗೂ ಕಾಣದ ನೋವು ಇಲ್ಲಿ ಅರ್ಧಕ್ಕೆ ನಿಂತ ಓದು, ಸಿಗದ ಕೂಲಿ. ಪ್ರಾಸ ಅದೇ, ಗತ್ತೂ ಅದೇ. ಕೇಳುತ್ತ ಮೊದಲು ನಗು ಬರುತ್ತದೆ, ಸಿಟ್ಟು ಆಮೇಲೆ. ಸ್ವಾತಂತ್ರ್ಯ ಬಂದು ಹನ್ನೊಂದೇ ವರ್ಷವಾಗಿದ್ದ ದೇಶದಲ್ಲಿ ಇಷ್ಟನ್ನು ಭಾಷಣವಾಗಿ ಆಡಿದ್ದರೆ ಎಷ್ಟು ಜನ ಗುನುಗುತ್ತಿದ್ದರು?

ಸಾಹಿರನೂ ಭಾಷಣ ಮಾಡಿದ್ದುಂಟು, ಅದನ್ನೂ ಹೇಳಬೇಕು. ಮರುವರ್ಷದ ‘ಧೂಲ್ ಕಾ ಫೂಲ್’ನಲ್ಲಿ ಮುದುಕನೊಬ್ಬ ತಬ್ಬಲಿ ಮಗುವಿಗೆ ಧರ್ಮಭೇದ ಬಿಟ್ಟು ಮನುಷ್ಯನಾಗೆಂದು ಹಾಡಿ ಬುದ್ಧಿ ಹೇಳುತ್ತಾನೆ. ಆಶಯಕ್ಕೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಸಾಹಿರ್ ವೇದಿಕೆ ಹತ್ತಿದ ಹಾಗೆ ಅನ್ನಿಸುತ್ತದೆ. ನಗುವವನು ಕೆಳಗೇ ಉಳಿದುಬಿಟ್ಟ.

‘ಪ್ಯಾಸಾ’ದಲ್ಲಿ (1957) ಹಾಗಾಗಿಲ್ಲ. ದೇಶದ ಬಗ್ಗೆ ಹೆಮ್ಮೆಪಡುವವರನ್ನು ಸೂಳೆಗೇರಿಯಲ್ಲಿ ನಿಂತು ಕೂಗಿ ಕರೆಯುವ ಹಾಡು ಇರುವ ಚಿತ್ರದಲ್ಲೇ ಹಾಸ್ಯನಟ ಜಾನಿ ವಾಕರ್ ಎಣ್ಣೆ ಬಾಟಲಿ ಹಿಡಿದು ಬರುತ್ತಾನೆ. ತಲೆ ತಿಕ್ಕುವ ಕಸುಬು. ಧಣಿಯಿರಲಿ ಆಳಿರಲಿ, ಲೀಡರೇ ಇರಲಿ, ತನ್ನೆದುರು ತಲೆ ಬಗ್ಗಿಸದವರಿಲ್ಲ ಎಂದು ಹಾಡುತ್ತ ಕೊಚ್ಚಿಕೊಳ್ಳುತ್ತಾನೆ. ಮಾಲೀಷಿನವನ ಮಟ್ಟಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈ ಎರಡೂ ಹಾಡುಗಳನ್ನು ಹಾಡಿದ್ದು ಮೊಹಮ್ಮದ್ ರಫಿ.